ಸ್ವಂತ ಮಗು ಇದ್ದರೆ ದತ್ತು ಕೊಡಲ್ವಾ?

ಪ್ರಶ್ನೆ: ನನಗೆ 38, ನಮ್ಮ ಯಜಮಾನರಿಗೆ 42. ಆರು ವರ್ಷದ ಮಗ ಇದ್ದಾನೆ. ಒಂದು ಹೆಣ್ಣು ಮಗುವನ್ನು ದತ್ತು ತೆಗೆದುಕೊಳ್ಳುವ ಆಸೆ. ಸ್ವಂತ ಮಗು ಇದ್ದವರಿಗೆ, ಬಾಡಿಗೆ ಮನೆಯವರಿಗೆ ಕೊಡಲ್ಲ ಅಂತಾರೆ. ಪರಿಚಯದವರೊಬ್ಬರು ನರ್ಸಿಂಗ್ ಹೋಮಿನಿಂದ ನೇರವಾಗಿ ಕೊಡಿಸುತ್ತೇನೆ, ನೋಟರಿ ಮಾಡಿಸಿದರೆ ಸಾಕು ಅಂದರು. ನಮ್ಮ ಅತ್ತೆಗೆ ಒಂದೇ ಭಯ, ಮುಂದೆ ಹೆತ್ತವಳು ಬಂದು ಕೇಳಿದರೆ ಏನು ಗತಿ ಅಂತ. ಮೇಡಂ, ತಿಳಿಸಿ.

ಉತ್ತರ (ಸಮಾಜ ಕಾರ್ಯಕರ್ತೆ): ಮೊದಲು ಆ ನರ್ಸಿಂಗ್ ಹೋಮಿನ ಮಾತು ಬಿಡಿ. ಹೆತ್ತವರು ಬಿಟ್ಟುಹೋದ ಮಗುವನ್ನು ಹೀಗೆ ಕೈಯಿಂದ ಕೈಗೆ ದಾಟಿಸುವುದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅಪರಾಧ. ದುಡ್ಡು ಕೈ ಬದಲಾದರೆ ಅದು ಮಗುವಿನ ಮಾರಾಟ, 5 ವರ್ಷದವರೆಗೆ ಜೈಲು. ಅತ್ತೆಯವರ ಭಯ ನಿಜವಾಗುವುದೂ ಇಂಥ ಅಡ್ಡದಾರಿಯಲ್ಲೇ.

ಸರಿಯಾದ ದಾರಿಯಲ್ಲಿ, ಮಗುವನ್ನು ಒಪ್ಪಿಸುವ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಸಹಿ ಹಾಕುತ್ತಾಳೆ. ಮನಸ್ಸು ಬದಲಿಸಲು ಅವಳಿಗೆ 60 ದಿನ ಇರುತ್ತದೆ. ಆಮೇಲಷ್ಟೇ ಆ ಮಗುವನ್ನು ದತ್ತು ಕೊಡಬಹುದು ಅಂತ ಸಮಿತಿ ಘೋಷಿಸುತ್ತದೆ. ಕೊನೆಗೆ ಜಿಲ್ಲಾಧಿಕಾರಿಯ ಆದೇಶ. ಅಲ್ಲಿಗೆ ಅವಳು ನಿಮ್ಮ ಮಗಳು, ಆಸ್ತಿಯಲ್ಲೂ ನಿಮ್ಮ ಮಗನಷ್ಟೇ ಹಕ್ಕು.

ಒಂದು ಮಗು ಇದ್ದರೆ ಅಡ್ಡಿಯಿಲ್ಲ. ಇಬ್ಬರು ಅಥವಾ ಜಾಸ್ತಿ ಇದ್ದರೆ ಮಾತ್ರ ವಿಶೇಷ ಅಗತ್ಯದ ಮಕ್ಕಳು, ಪೋಷಕರು ಸಿಗುವುದು ಕಷ್ಟವಾದ ಮಕ್ಕಳನ್ನಷ್ಟೇ ಪಡೆಯಬಹುದು. ಸ್ವಂತ ಮನೆ ಇರಲೇಬೇಕು ಅನ್ನೋದು ಸುಮ್ನೆ ಮಾತು. ದತ್ತು ಕೊಡುವ ಮೊದಲು ವಿಚಾರಿಸಲು ಮನೆಗೆ ಬಂದಾಗ ನಾವು ಸೋಫಾ ನೋಡಲ್ಲ. ನಿಮ್ಮ ಮಗನ ಪಕ್ಕ ಕೂತು, ತಂಗಿ ಬಂದರೆ ಸೈಕಲ್ ಕೊಡ್ತೀಯಾ ಅಂತ ಕೇಳುತ್ತೇವೆ. ಅತ್ತೆಯವರನ್ನೂ ಮಾತಾಡಿಸುತ್ತೇವೆ. ‘ಮಗುವಿಗೆ ವಿಷಯ ಯಾವಾಗ ಹೇಳುತ್ತೀರಿ?’ ಅಂದಾಗ ಎಷ್ಟೋ ಜನ ತಡವರಿಸುತ್ತಾರೆ. ದೊಡ್ಡವಳಾಗಲಿ ಅಂತಾರೆ. ಅಷ್ಟು ಕಾಯಬೇಡಿ. ಮಾತು ಕಲಿಯುವಾಗಿನಿಂದಲೇ ಹೇಳುತ್ತಾ ಬನ್ನಿ. ನೀವು ಹೇಳದಿದ್ದರೆ ನೆಂಟರಲ್ಲಿ ಯಾರೋ ಒಬ್ಬರು ಬಾಯಿಬಿಡುತ್ತಾರೆ, ಅದೂ ಜಗಳದ ಹೊತ್ತಲ್ಲಿ.

ಕಾಯಬೇಕಾಗುತ್ತದೆ ಅನ್ನೋದು ಮಾತ್ರ ನಿಜ, ಪುಟ್ಟ ಮಗುವಿಗೆ ವರ್ಷಗಟ್ಟಲೆ. 2 ವರ್ಷದೊಳಗಿನ ಮಗುವಿಗೆ ದಂಪತಿಯ ವಯಸ್ಸು ಕೂಡಿದರೆ 85 ದಾಟಬಾರದು. ನಿಮ್ಮದು 80. ನೋಂದಣಿ ದಿನದ ವಯಸ್ಸೇ ಲೆಕ್ಕ, ಹಾಗಾಗಿ ತಡ ಮಾಡದೆ ಕೇಂದ್ರ ಸರ್ಕಾರದ ದತ್ತು ಸಂಸ್ಥೆ ‘ಕಾರಾ’ದ (CARA) ಪೋರ್ಟಲ್‌ನಲ್ಲಿ ಹೆಸರು ಹಾಕಿ.

ಇನ್ನೊಬ್ಬ ಮಹಿಳೆಯ ಪ್ರಶ್ನೆ: ನನಗೆ 41, ಮದುವೆಯಾಗಿಲ್ಲ. ನನಗೂ ಕೊಡ್ತಾರಾ? ಸ್ವಲ್ಪ ದೊಡ್ಡ ಮಕ್ಕಳು ಹೊಂದಿಕೊಳ್ಳಲ್ಲ ಅಂತಾರಲ್ಲ?

ಉತ್ತರ: ಕೊಡ್ತಾರೆ. 2 ವರ್ಷದೊಳಗಿನ ಮಗುವಿಗೆ ಒಂಟಿ ಪೋಷಕರ ಮಿತಿ 40, ಅದು ದಾಟಿದೆ. 2ರಿಂದ 4 ವರ್ಷದ ಮಗುವಿಗೆ 45ರವರೆಗೆ ಅವಕಾಶ ಇದೆ. ಗಂಡೋ ಹೆಣ್ಣೋ, ನಿಮ್ಮಿಷ್ಟ. ಒಂಟಿ ಗಂಡಸಿಗೆ ಮಾತ್ರ ಹೆಣ್ಣು ಮಗು ಕೊಡಲ್ಲ.

ದೊಡ್ಡ ಮಕ್ಕಳೂ ಹೊಂದಿಕೊಳ್ಳುತ್ತಾರೆ, ಸಮಯ ಬೇಕು ಅಷ್ಟೇ. ಕೆಲವರು ದಿಂಬಿನ ಕೆಳಗೆ ಬಿಸ್ಕತ್ತು ಬಚ್ಚಿಡುತ್ತಾರೆ. ಅದು ಕಳ್ಳತನ ಅಲ್ಲ, ನಾಳೆ ಸಿಗುತ್ತೋ ಇಲ್ಲವೋ ಅನ್ನೋ ಹೆದರಿಕೆ. ಬೈಯಬೇಡಿ. ಮಗು ಮನೆಗೆ ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ನಾವು ಬಂದು ವಿಚಾರಿಸುತ್ತೇವೆ. ಆಗ ಇಂಥದ್ದನ್ನೆಲ್ಲ ಮುಚ್ಚಿಡದೆ ಹೇಳಿ.