ಅಪ್‌ಡೇಟ್: ಮೂರನೇ ತರಗತಿಯ ಓದಿಗೆ ಆನ್‌ಲೈನ್ ಸಾಧನಗಳು

ಹೊಸನಗರ ತಾಲ್ಲೂಕಿನ ನಮ್ಮ ಶಾಲೆಯಲ್ಲಿ, ಒತ್ತಕ್ಷರ ಬಂದೊಡನೆ ತಡವರಿಸುವ ಮೂರನೇ ತರಗತಿಯ ಮಕ್ಕಳಿಗೆ ಯಾವ ಆನ್‌ಲೈನ್ ಸಾಧನ ನೆರವಾದೀತೆಂದು ಜೂನ್ ತಿಂಗಳಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮಳೆಗಾಲ ಮುಗಿಯುತ್ತಿರುವ ಈ ಹೊತ್ತಿಗೆ ಆದದ್ದನ್ನು ತಿಳಿಸುತ್ತಿದ್ದೇನೆ.

ಹಲವರು ಸೂಚಿಸಿದಂತೆ, ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ, ಮಕ್ಕಳ ಕಥೆಗಳ ಜಾಲತಾಣವಾದ ಸ್ಟೋರಿವೀವರ್‌ನಿಂದ ಓದಿನ ಮೊದಲ ಎರಡು ಹಂತಗಳ ಕನ್ನಡ ಕಥೆಗಳನ್ನು ಆರಿಸಿಕೊಂಡೆ. ಆಷಾಢದ ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವುದರಿಂದ, ಪೇಟೆಗೆ ಹೋದ ದಿನ ಅವನ್ನು ಡೌನ್‌ಲೋಡ್ ಮಾಡಿ ತಂದು, ಕೆಲವನ್ನು ಮುದ್ರಿಸಿಯೂ ಇಟ್ಟುಕೊಂಡೆ. ಮುಕ್ತ ಪರವಾನಗಿಯ ಪುಸ್ತಕಗಳಾದ್ದರಿಂದ ಇದಕ್ಕೆ ಅಡ್ಡಿಯಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾದಲ್ಲಿ ತೆರೆಯುವ ವಿಡಿಯೊಗಳನ್ನು ಮಕ್ಕಳು ಇಷ್ಟಪಟ್ಟು ನೋಡಿದರು, ಆದರೆ ನಮ್ಮ ತರಗತಿಯಲ್ಲಿ ಆ ನೋಡುವಿಕೆ ಓದಾಗಿ ಬೆಳೆಯಲಿಲ್ಲ.

ನಿಜವಾಗಿ ಫಲ ಕೊಟ್ಟದ್ದು ನಿಮ್ಮಲ್ಲೊಬ್ಬರು ಹೇಳಿದ್ದ, ಮಗುವಿನ ಓದನ್ನು ಧ್ವನಿಮುದ್ರಿಸಿ ಅದಕ್ಕೇ ಕೇಳಿಸುವ ಉಪಾಯ. ‘ಎತ್ತು’ ಎಂಬುದನ್ನು ‘ಎತು’ ಎಂದೇ ಓದುತ್ತಿದ್ದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತನ್ನದೇ ದನಿಯನ್ನು ಕೇಳಿ, ನಾನು ಬಾಯಿ ತೆರೆಯುವ ಮುನ್ನವೇ “ಟೀಚರ್, ಕೆಳಗಿನ ಒತ್ತು ಬಿಟ್ಟೆ” ಎಂದು, ಆ ಅಕ್ಷರದ ಅಡಿಯಲ್ಲಿ ಬೆರಳಿಟ್ಟು ಮತ್ತೊಮ್ಮೆ ಸರಿಯಾಗಿ ಓದಿದಳು. ಇಷ್ಟು ವರ್ಷ ತಪ್ಪನ್ನು ತಕ್ಷಣ ತಿದ್ದಿಬಿಡುತ್ತಿದ್ದ ನನಗೆ, ಸುಮ್ಮನೆ ಕಾಯುವುದೂ ಪಾಠದ ಭಾಗವೆಂದು ಅಂದು ಮನವರಿಕೆಯಾಯಿತು.

ನಾಲ್ವರು ಇನ್ನೂ ಅಕ್ಷರ ಕೂಡಿಸುವ ಹಂತದಲ್ಲೇ ಇದ್ದಾರೆ. ಅವರಿಗೆ ಪರದೆಯ ಅವಸರವಿಲ್ಲವೆಂದು ನನಗೆ ತೋರಿದ್ದರಿಂದ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯ ಕಾರ್ಡುಗಳಿಂದಲೇ ಕಲಿಸುತ್ತಿದ್ದೇನೆ.