‘ರೆಡಿ ಮಾಡು’, ‘ದುರಸ್ತಿ’, ‘ಜೀರ್ಣೋದ್ಧಾರ’: ಹಳೇ ಜಾವಾ ಕೆಲಸಕ್ಕೆ ಹೊಂದುವ ಪದ ಯಾವುದು?

ಗೆಳೆಯರೆ,

ಸರಿಯಾದ ಒಂದು ಪದ ಬಾಯಿಗೆ ಬರದೆ ನಾನು ನಮ್ಮ ಹಳೇ ಮೋಟಾರ್‌ಸೈಕಲ್ಲಿನ ಕಾರ್ಬೊರೇಟರ್ (ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಭಾಗ) ಕಳೆದುಕೊಂಡೆ. ಆ ಪದವನ್ನು ಹುಡುಕುತ್ತಾ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ದೊಡ್ಡಪ್ಪನವರದ್ದು 1971ರ ಜಾವಾ 250 ಮೋಟಾರ್‌ಸೈಕಲ್. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. 1973ರಲ್ಲಿ ಅಲ್ಲಿನ ಗಾಡಿಗಳಿಗೆ ಯೆಜ್ಡಿ ಅನ್ನುವ ಹೆಸರು ಬಂತು. ಇದು ಅದಕ್ಕೂ ಎರಡು ವರ್ಷ ಮೊದಲಿನದು. ದೊಡ್ಡಪ್ಪ ತೀರಿಕೊಂಡ ಮೇಲೆ ಹಿತ್ತಲಿನ ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷ ನಿಂತಿತ್ತು. ಪಿಸ್ಟನ್ ಕಚ್ಚಿಕೊಂಡಿತ್ತು, ಟ್ಯಾಂಕಿನ ತಳ ತುಕ್ಕು ತಿಂದು ಜಾಲರಿಯಾಗಿತ್ತು, ಸೀಟಿನೊಳಗೆ ಇಲಿ ಗೂಡು ಕಟ್ಟಿತ್ತು.

ಮೊದಲು ಒಬ್ಬ ಮೆಕ್ಯಾನಿಕ್ಕಿಗೆ ಕೊಟ್ಟೆ. ಕೊಡುವಾಗ ಹೇಳಿದ ಮಾತು ಈಗಲೂ ನೆನಪಿದೆ: “ಇದನ್ನ ಪೂರ್ತಿ ರೆಡಿ ಮಾಡಿಕೊಡಿ.” ಒಂದೂವರೆ ತಿಂಗಳಾದ ಮೇಲೆ ಅವರು ಖುಷಿಯಿಂದ ಫೋನ್ ಮಾಡಿದರು. “ಎಲ್ಲಾ ಹೊಸದು ಹಾಕಿದೀನಿ ಸಾರ್, ಒಂದೇ ಕಿಕ್ಕಿಗೆ ಸ್ಟಾರ್ಟ್.” ನಿಜಕ್ಕೂ ಸ್ಟಾರ್ಟ್ ಆಯಿತು. ಆದರೆ ಮೊದಲಿಂದ ಇದ್ದ ಜಿಕೋವ್ ಕಂಪನಿಯ ಕಾರ್ಬೊರೇಟರ್ ಇರಲಿಲ್ಲ, ಬೇರೆ ಯಾವುದೋ ಗಾಡಿಯದ್ದು ಕೂತಿತ್ತು. ಹೆಡ್‌ಲೈಟಿನ ರಿಂಗ್ ಇರಲಿಲ್ಲ. ಟ್ಯಾಂಕಿನ ಪಕ್ಕದ ರಬ್ಬರ್ ಪ್ಯಾಡುಗಳೂ ಇರಲಿಲ್ಲ. ಕೇಳಿದರೆ, “ಅದೆಲ್ಲ ಗುಜರಿಗೆ ಹಾಕಿಬಿಟ್ಟೆ ಸಾರ್.” ಓಡಿದೆ. ಗುಜರಿ ಅಂಗಡಿಯಲ್ಲಿ ಅಷ್ಟು ಹೊತ್ತಿಗೆ ಲೋಡ್ ಹೋಗಿಯಾಗಿತ್ತು.

ಅವರದ್ದು ತಪ್ಪು ಅಂತ ನಾನು ಹೇಳಲಾರೆ. ‘ರೆಡಿ ಮಾಡು’ ಅಂದರೆ ನಮ್ಮಲ್ಲಿ ಕೆಟ್ಟದ್ದನ್ನು ಮತ್ತೆ ನಡೆಯುವ ಹಾಗೆ ಮಾಡು ಅಂತಲೇ ಅರ್ಥ. ಮಿಕ್ಸಿ ರೆಡಿ ಮಾಡಿಸುತ್ತೇವೆ, ಚಪ್ಪಲಿ ರೆಡಿ ಮಾಡಿಸುತ್ತೇವೆ. ಅಲ್ಲಿ ಯಾರೂ ಹಳೇ ಉಂಗುಷ್ಟ ಉಳಿಸಿಕೊಡಿ ಅಂತ ಕೇಳುವುದಿಲ್ಲ. ನನಗೆ ಬೇಕಿದ್ದದ್ದು ಬೇರೆ ಕೆಲಸ: ಉಳಿಸಬಹುದಾದ ಒಂದು ನಟ್ಟನ್ನೂ ಎಸೆಯದೆ, 1971ರಲ್ಲಿ ಕಾರ್ಖಾನೆಯ ಗೇಟು ದಾಟಿದಾಗ ಗಾಡಿ ಹೇಗಿತ್ತೋ ಹಾಗೆ ಮಾಡುವುದು. ಇದಕ್ಕೆ ಕನ್ನಡದಲ್ಲಿ, ಒಬ್ಬ ಮೆಕ್ಯಾನಿಕ್ಕಿಗೆ ಹೇಳಿದರೆ ಥಟ್ಟನೆ ತಿಳಿಯುವಂಥ ಒಂದು ಮಾತು ಯಾವುದು? ‘ರೀಸ್ಟೋರ್’ ಅಂತ ಈಗಿನ ಹುಡುಗರು ಹೇಳುತ್ತಾರೆ. ಅದನ್ನೂ ಎಷ್ಟೋ ಜನ ಹೊಸ ಪೇಂಟು ಹೊಡೆಯುವುದು ಅಂತಲೇ ತಿಳಿದಿದ್ದಾರೆ.

ನನಗೆ ತೋಚಿದ್ದನ್ನು ಹೇಳುತ್ತೇನೆ. ರಿಪೇರಿ ಮತ್ತು ದುರಸ್ತಿ ಎರಡೂ ಕೆಟ್ಟದ್ದನ್ನು ಸರಿ ಮಾಡುವ ಮಾತುಗಳು. ದುರಸ್ತಿಯ ಮೂಲದಲ್ಲಿರುವ ಪಾರಸಿಯ ‘ದುರುಸ್ತ್’ಗೆ ‘ಸರಿ’ ಅಂತಲೇ ಅರ್ಥ. ಹಳೆಯದು ಉಳಿಯಬೇಕು ಅನ್ನುವ ಸೂಚನೆ ಅದರಲ್ಲಿ ಇಲ್ಲ. ನವೀಕರಣ ಅಂದರೆ ಹೊಸದು ಮಾಡುವುದು, ನನಗೆ ಬೇಕಾದ್ದಕ್ಕೆ ಪೂರಾ ಉಲ್ಟಾ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಣ ಮಾಡಿಸುತ್ತೇವಲ್ಲ, ಅಲ್ಲಿಗೆ ಅದು ಸರಿ.

ಜೀರ್ಣೋದ್ಧಾರ ಅನ್ನುವ ಪದ ನನಗೆ ಇಷ್ಟ. ಸವೆದು ಬಿದ್ದದ್ದನ್ನು ಮೇಲೆತ್ತುವುದು. ಆದರೆ ಈ ಪದ ದೇವಸ್ಥಾನಕ್ಕೆ ಅಂಟಿಕೊಂಡುಬಿಟ್ಟಿದೆ. ಅಲ್ಲೂ ಕೆಲವು ಊರುಗಳಲ್ಲಿ ಕಲ್ಲಿನ ಕಂಬಕ್ಕೆ ಬಣ್ಣ ಬಳಿದು, ನೆಲಕ್ಕೆ ಟೈಲ್ಸ್ ಹಾಕಿ ಅದನ್ನೇ ಜೀರ್ಣೋದ್ಧಾರ ಅನ್ನುತ್ತಾರೆ. ಆ ಅರ್ಥ ಗಾಡಿಗೂ ಬಂದರೆ ಮತ್ತೆ ಅದೇ ಕಥೆ ಆಗುತ್ತದೆ, ಅಲ್ವಾ?

ಎಲ್ಲಕ್ಕಿಂತ ಹತ್ತಿರ ಬಂದದ್ದು ನಮ್ಮ ದೊಡ್ಡಮ್ಮ ಹೇಳಿದ ಒಂದು ಪದ. ನಡೆದದ್ದನ್ನೆಲ್ಲ ಕೇಳಿ, “ನಿನಗೆ ಬೇಕಿರೋದು ರಫು ಕಣೋ” ಅಂದರು. ರೇಷ್ಮೆ ಸೀರೆ ಎಲ್ಲಾದರೂ ಹರಿದರೆ ರಫು ಮಾಡಿಸುತ್ತಾರೆ. ರಫು ಮಾಡುವವರು ಸೀರೆಯ ಒಳಸೆರಗಿನ ಅಂಚಿನಿಂದಲೇ ಎಳೆ ತೆಗೆದು, ಬಣ್ಣಕ್ಕೆ ಬಣ್ಣ, ಹೆಣಿಗೆಗೆ ಹೆಣಿಗೆ ಕೂಡಿಸುತ್ತಾರೆ. ತೇಪೆ ಹಾಕುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ನಾನು ಈಗ ಕೊಟ್ಟಿಗೆಯಲ್ಲಿ ಮಾಡುತ್ತಿರುವುದೂ ಅದನ್ನೇ. ಟ್ಯಾಂಕಿನ ತಳದಲ್ಲಿ ತುಕ್ಕು ತಿಂದಷ್ಟನ್ನು ಮಾತ್ರ ಕತ್ತರಿಸಿ, ಅಷ್ಟೇ ದಪ್ಪದ ತಗಡು ಕೂಡಿಸಿ ಬೆಸುಗೆ ಹಾಕಿಸಿದೆ. ಉಳಿದ ಮುಕ್ಕಾಲು ಟ್ಯಾಂಕು ಅದೇ ಹಳೆಯದು. ಆದರೆ ಕಬ್ಬಿಣದ ಕೆಲಸಕ್ಕೆ ರಫು ಅಂದರೆ ಜನ ಒಪ್ಪುತ್ತಾರಾ? ಬಟ್ಟೆ ಬಿಟ್ಟು ಬೇರೆ ಯಾವುದಕ್ಕಾದರೂ ಆ ಪದ ಬಳಸುವುದನ್ನು ಯಾರಾದರೂ ಕೇಳಿದ್ದೀರಾ?

ಸುಮ್ನೆ ಪದದ ಗೀಳಿಗೆ ಇದನ್ನು ಕೇಳುತ್ತಿಲ್ಲ. ಕಾನೂನಿನಲ್ಲೂ ಇದು ಬೇರೆ ಬೇರೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ (ಗಾಡಿಯ ಚೌಕಟ್ಟು), ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಂಥ ಗಾಡಿಯ ನಂಬರಿನಲ್ಲಿ ‘ವಿಎ’ ಅನ್ನುವ ಅಕ್ಷರ ಬರುತ್ತದೆ. ಇನ್ನೊಂದು ಕಡೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು ತಡೆಯುತ್ತದೆ. ನಿಯಮದಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆಯಾಗಿರುವುದು ನಮ್ಮ ಆಡುಮಾತಿನಲ್ಲಿ ಒಂದೇ ‘ರೆಡಿ’ಯಲ್ಲಿ ಕಲಸಿಹೋಗಿದೆ.

ಬದಲಿಸುವ ಕೆಲಸಕ್ಕೆ ಬರವಣಿಗೆಯಲ್ಲಿ ಮಾರ್ಪಾಡು ಅನ್ನುತ್ತೇವೆ. ಗ್ಯಾರೇಜಿನಲ್ಲಿ ಮಾತ್ರ ‘ಆಲ್ಟ್ರೇಷನ್’. “ಗಾಡಿ ಆಲ್ಟ್ರೇಷನ್ ಮಾಡ್ಸಿದಾನೆ” ಅಂದರೆ ಹ್ಯಾಂಡಲ್ ಎತ್ತರ ಮಾಡಿಸಿ, ಹಿಂದಿನ ಮಡ್ಗಾರ್ಡ್ ಕುಯ್ಸಿ, ಸೈಲೆನ್ಸರ್ ಬದಲಾಯಿಸಿದ್ದಾನೆ ಅಂತ. ಈ ಮಾತು ದರ್ಜಿ ಅಂಗಡಿಯದ್ದು ಅನ್ನುವುದು ನನ್ನ ಊಹೆ. ಒಳ್ಳೇ ದರ್ಜಿ ಪ್ಯಾಂಟಿನ ಸೊಂಟ ಸಣ್ಣ ಮಾಡಿದರೂ ಒಳಗೆ ಬಟ್ಟೆ ಬಿಟ್ಟಿರುತ್ತಾನೆ, ನಾಳೆ ಬೇಕಾದರೆ ಬಿಚ್ಚಬಹುದು. ಗಾಡಿಯಲ್ಲೂ ಆ ಎರಡು ಬಗೆ ಇದೆ. ನನ್ನ ಬೆನ್ನುನೋವಿಗೆ ಅಂತ ಸೀಟಿಗೆ ಒಂದೂವರೆ ಇಂಚು ಸ್ಪಂಜು ಜಾಸ್ತಿ ಹಾಕಿಸಿದ್ದೇನೆ. ಹಳೇ ಸೀಟಿನ ತಳವನ್ನು ಹಾಗೇ ಎತ್ತಿಟ್ಟಿದ್ದೇನೆ, ಎರಡು ಬೋಲ್ಟು ಬಿಚ್ಚಿದರೆ ಮತ್ತೆ ಮೊದಲಿನದು. ಇದನ್ನು ನಾನು ‘ಒಗ್ಗಿಸಿಕೊಳ್ಳುವುದು’ ಅನ್ನುತ್ತೇನೆ. ಚಾಸಿಯನ್ನೇ ಕುಯ್ಯುವುದಕ್ಕೆ ಒಗ್ಗಿಸುವುದು ಅನ್ನಲಾಗದು. ಕುಯ್ದ ಚಾಸಿ ಮತ್ತೆ ಮೊದಲಿನಂತೆ ಆಗುವುದಿಲ್ಲ. ಅಂಥ ಯೆಜ್ಡಿಗಳನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಕೆಲಸ ಮಾಡುತ್ತಾ ಇನ್ನಷ್ಟು ಪದಗಳು ಸಿಕ್ಕವು. ಅವುಗಳ ಬಗ್ಗೆಯೂ ತಿಳಿದವರ ಮಾತು ಬೇಕು.

ತುಕ್ಕು ಮತ್ತು ಕಿಲುಬು ಬೇರೆ ಬೇರೆ ಅನ್ನುವುದು ಈಗಿನವರಿಗೆ ಮರೆತೇ ಹೋಗಿದೆ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಟ್ಯಾಂಕಿನಲ್ಲಿದ್ದದ್ದು ಕೆಂಪು ತುಕ್ಕು. ಆಮೇಲೆ ಹುಡುಕಿ ತಂದ ಇನ್ನೊಂದು ಜಿಕೋವ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ಜೆಟ್ಟಿಗೆ ಹಸಿರು ಕಿಲುಬು. ಅದನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ, ಬೆಳಕಿಗೆ ಹಿಡಿದು, ಸೂಜಿ ಮೊನೆಯಷ್ಟು ತೂತು ಕಾಣುವವರೆಗೂ ಊದಿದೆ. ಆದರೆ ಎಂಜಿನ್ನಿನ ಅಲ್ಯುಮಿನಿಯಂ ಮೇಲೆ ಬೆಳ್ಳಗೆ ಪುಡಿ ಬರುತ್ತದಲ್ಲ, ಅದಕ್ಕೆ ಏನನ್ನುತ್ತೀರಿ? ನಮ್ಮ ಕಡೆ ‘ಉಪ್ಪು ಹಿಡಿದಿದೆ’ ಅನ್ನುವುದನ್ನು ಕೇಳಿದ್ದೇನೆ.

ಕಚ್ಚಿಕೊಂಡ ಪಿಸ್ಟನ್ ಬಿಡಿಸಲು ಆ ಮೆಕ್ಯಾನಿಕ್ಕು ಪ್ಲಗ್ಗಿನ ತೂತಿನಿಂದ ಡೀಸೆಲ್ ಬಿಟ್ಟು ಎಂಟು ದಿನ ನೆನೆಸಿದ್ದರಂತೆ. ಆಮೇಲೆ ನಾನು ಲೇತ್‌ನಲ್ಲಿ ‘ಬೋರ್ ಮಾಡಿಸಿದೆ’. ಈ ಎಂಜಿನ್ನಿನ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್. ಒಳಗೋಡೆಯನ್ನು ಕೂದಲೆಳೆಯಷ್ಟು ತೆಗೆದು, ಅಷ್ಟು ದೊಡ್ಡ ಪಿಸ್ಟನ್ ಹಾಕುತ್ತಾರೆ. ಇದನ್ನು ಕನ್ನಡದಲ್ಲಿ ‘ಕೊರೆಯುವುದು’ ಅಂತ ಬರೆದದ್ದನ್ನು ನೋಡಿದ್ದೇನೆ, ನನಗದು ಒಪ್ಪಿಗೆಯಿಲ್ಲ. ಕೊರೆಯುವುದು ಅಂದರೆ ಇಲ್ಲದ ತೂತನ್ನು ಮಾಡುವುದು, ಕೊಳವೆಬಾವಿಯ ಹಾಗೆ. ಇಲ್ಲಿ ಇರುವ ಗೋಡೆಯನ್ನು ಸವರಿ ತೆಗೆಯುವುದು. ಅದಕ್ಕೆ ‘ಹೆರೆಯುವುದು’ ಸರಿ. ಕರಾವಳಿಯವರ ಹೆರೆಮಣೆಯಲ್ಲಿ ಆ ಪದ ಇನ್ನೂ ಗಟ್ಟಿಯಾಗಿದೆ.

ಹೆರೆಸಿದ ಮೇಲೆ ಮೊದಲ ಐನೂರು ಕಿಲೋಮೀಟರ್ ಮೆಲ್ಲಗೆ ಓಡಿಸಬೇಕು. ಇದು ಟೂ-ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು; ಆಗ ಆ ಆಯಿಲ್ ಕೂಡ ಸ್ವಲ್ಪ ಜಾಸ್ತಿ. ಇದಕ್ಕೆ ನಮ್ಮ ಅಡುಗೆಮನೆಯಲ್ಲೇ ಪದ ಇದೆ: ಪಳಗಿಸುವುದು. ಹೊಸ ದೋಸೆ ಕಾವಲಿಯನ್ನು ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಪಳಗಿಸುತ್ತೇವೆ. ಪಿಸ್ಟನ್ನಿಗೂ ಅದೇ ಎಣ್ಣೆ, ಅದೇ ಸಣ್ಣ ಉರಿ. “ಗಾಡಿ ಇನ್ನೂ ಪಳಗಬೇಕು” ಅಂದಾಗ ನನ್ನ ಲೇತ್ ಕೆಲಸದವರಿಗೆ ಮರುಮಾತಿಲ್ಲದೆ ಅರ್ಥವಾಯಿತು.

ಟ್ಯಾಂಕಿನ ಬಣ್ಣಕ್ಕೆ ಅಂಗಡಿಯಲ್ಲಿ ಮರೂನ್ ಅನ್ನುತ್ತಾರೆ, ದೊಡ್ಡಮ್ಮ ಕಾಚಿನ ಬಣ್ಣ ಅನ್ನುತ್ತಾರೆ. ಅದರ ಮೇಲೆ ಚಿನ್ನದ ಬಣ್ಣದ ಸಣ್ಣ ಗೆರೆ ಬರಬೇಕು. ಬೋರ್ಡು ಬರೆಯುವ ಹಿರಿಯರೊಬ್ಬರು ಮನೆಗೇ ಬಂದು ಎಳೆದುಕೊಟ್ಟರು. ಉದ್ದ ಕೂದಲಿನ ಬ್ರಷ್ಷು, ಕಿರುಬೆರಳನ್ನು ಟ್ಯಾಂಕಿನ ಅಂಚಿಗೆ ಆನಿಸಿ, ಉಸಿರು ಹಿಡಿದು, ಒಂದೇ ಎಳೆತ. ಗೆರೆ ಮುಗಿಯುವವರೆಗೂ ಕೊಟ್ಟಿಗೆಯಲ್ಲಿ ಯಾರೂ ಮಾತಾಡಲಿಲ್ಲ. ಆ ಬ್ರಷ್ಷಿಗೆ ಬೇರೆ ಹೆಸರಿದೆಯಾ ಅಂತ ಕೇಳಿದೆ. “ಲೈನಿಂಗ್ ಬ್ರಷ್ಷು ಅಷ್ಟೇ” ಅಂದರು.

ಕೊನೆಯದಾಗಿ ಒಂದು ಮುಖ್ಯ ಪ್ರಶ್ನೆ. ಜಾವಾದಲ್ಲಿ ಗೇರು ಮತ್ತು ಕಿಕ್ಕರ್ ಎರಡಕ್ಕೂ ಒಂದೇ ಲಿವರ್, ಎಡಗಡೆ. ಅದನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಮತ್ತೆ ಕೆಳಗೆ ತಂದರೆ ಗೇರು. ಚೆಕ್ ದೇಶದಿಂದ ಬಂದ ವಿನ್ಯಾಸ ಅದು. ಇರಾನಿ ಪಾರಸಿ ಮನೆತನದವರ ಕಾರ್ಖಾನೆ, ಒಳಗೆ ಕೆಲಸ ಮಾಡಿದವರಲ್ಲಿ ಮೈಸೂರು ಸುತ್ತಮುತ್ತಲಿನವರೇ ಬಹಳ. 1996ರಲ್ಲಿ ಮುಚ್ಚುವವರೆಗೂ ಅವರು ದಿನವೂ ಈ ಲಿವರನ್ನು ಕೂಡಿಸಿದವರು. ಅವರವರ ನಡುವೆ ಇದಕ್ಕೆ ಒಂದು ಹೆಸರು ಇದ್ದೇ ಇರಬೇಕು. ಅಸೆಂಬ್ಲಿಯಿಂದ ತಪ್ಪಾಗಿ ಬಂದ ಗಾಡಿಯನ್ನು ಮತ್ತೆ ಬಿಚ್ಚಿ ಸರಿಯಾಗಿ ಕೂಡಿಸುವುದಕ್ಕೂ ಒಂದು ಮಾತು ಇದ್ದಿರಬೇಕು. ನಾನು ಹುಡುಕುತ್ತಿರುವ ಪದ ಅದೇ ಆಗಿರಬಹುದು. ನಿಮ್ಮ ಅಪ್ಪ, ಮಾವ, ಅಜ್ಜ ಯಾರಾದರೂ ಅಲ್ಲಿ ಕೆಲಸ ಮಾಡಿದ್ದರೆ ದಯವಿಟ್ಟು ಅವರನ್ನು ಕೇಳಿ. ಅವರು ಹೇಳಿದ್ದನ್ನು ತಿದ್ದದೆ, ಅವರ ಬಾಯಲ್ಲಿ ಬಂದ ಹಾಗೇ ಇಲ್ಲಿ ಬರೆಯಿರಿ.