‘ಪಾಪ್’ ಯಾರದು: ಜನರದೋ, ಅಂಗಡಿಯವರದೋ?

ಹಳೇತಟ್ಟೆ: ಪಾಪ್ ಎಂದರೆ ಪಾಪ್ಯುಲರ್. ಅದರ ಬೇರು ಲ್ಯಾಟಿನ್ನಿನ ‘ಪಾಪ್ಯುಲಸ್’, ಅಂದರೆ ಜನ. ಆದ್ದರಿಂದ ಅದು ಜನರೇ ಕಟ್ಟಿದ ಸಂಗೀತ. ಇದರಲ್ಲಿ ವಾದಕ್ಕೇನಿದೆ?

ಕಹಿಗುಳಿಗೆ: ‘ಜನರೇ ಕಟ್ಟಿದ’! 1850ರ ದಶಕದ ಕೊನೆಯಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಹಾಲ್‌ನಲ್ಲಿ ಸೋಮವಾರದ ಪಾಪ್ಯುಲರ್ ಕಛೇರಿಗಳು ಶುರುವಾದವು. ಜನ ಅವನ್ನು ‘ಪಾಪ್ಸ್’ ಎಂದೇ ಕರೆಯುತ್ತಿದ್ದರು. ಅಲ್ಲಿ ನುಡಿಸುತ್ತಿದ್ದದ್ದು ಬೀಥೋವನ್, ಮೊಜಾರ್ಟ್ ಅವರಂಥವರ ಶಾಸ್ತ್ರೀಯ ಸಂಗೀತ. ಇದನ್ನು ಯಾವ ಜನ ಕಟ್ಟಿದರು?

ಹಳೇತಟ್ಟೆ: ಜನ ‘ಕರೆಯುತ್ತಿದ್ದರು’ ಎಂದು ನೀವೇ ಬರೆದಿದ್ದೀರಿ. ಹೆಸರಿಟ್ಟವರು ಜನ. ಮುಗಿಯಿತು.

ಮೂರನೇಸಾಲು: ಹೆಸರಿಡುವವರು ಜನರೇ? ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಕಪ್ಪು ಜನರ ಸಂಗೀತದ ಪಟ್ಟಿಗೆ ‘ರೇಸ್ ರೆಕಾರ್ಡ್ಸ್’ ಎಂಬ ಹಣೆಪಟ್ಟಿ ಹಚ್ಚಿತ್ತು. 1949ರಲ್ಲಿ ಅದನ್ನು ಅಳಿಸಿ ‘ರಿದಮ್ ಅಂಡ್ ಬ್ಲೂಸ್’ ಎಂದು ಬರೆದದ್ದು ಪತ್ರಿಕೆಯವರೇ ಹೊರತು ಬೀದಿಯ ಜನವಲ್ಲ. ‘ಜಾಜ್’ ಎಂಬ ಸಂಗೀತದ ಹೆಸರು ಮಾತ್ರ ಬೇರೆ. ಅದು ಆಫ್ರಿಕಾದಿಂದ ನೇರವಾಗಿ ಬಂದ ಪದ.

ಪದಶೋಧಕ: ‘ನೇರವಾಗಿ’? ಈವರೆಗೆ ಅಚ್ಚಿನಲ್ಲಿ ಸಿಕ್ಕಿರುವ ಹಳೆಯ ಬಳಕೆ 1912ರ ಲಾಸ್ ಏಂಜಲೀಸ್ ಪತ್ರಿಕೆಯದು. ಒಬ್ಬ ಬೇಸ್‌ಬಾಲ್ ಎಸೆತಗಾರ ತನ್ನ ಡೊಂಕು ಎಸೆತಕ್ಕೆ ಇಟ್ಟುಕೊಂಡ ಹೆಸರು ಅದು. ಸಂಗೀತಕ್ಕೆ ಅಂಟಿಕೊಂಡದ್ದು 1915ರ ಹೊತ್ತಿಗೆ, ಶಿಕಾಗೋದಲ್ಲಿ.

ಮೂರನೇಸಾಲು: ‘ಅಚ್ಚಿನಲ್ಲಿ’ ಎಂದಿರಿ, ಸಂತೋಷ. ಜಾಜ್ ಹುಟ್ಟಿದ ನ್ಯೂ ಆರ್ಲಿಯನ್ಸ್‌ನ ಕಪ್ಪು ವಾದಕರ ಆಡುಮಾತನ್ನು ಆಗ ಯಾವ ಪತ್ರಿಕೆ ಅಚ್ಚು ಹಾಕುತ್ತಿತ್ತು?

ಪದಶೋಧಕ: ಆ ಊರಿನ ವಾದಕರು ತಮ್ಮ ಸಂಗೀತವನ್ನು ಜಾಜ್ ಎನ್ನದೆ, ಅದಕ್ಕಿಂತ ಹಳೆಯ ಶೈಲಿಯೊಂದರ ಹೆಸರಿನಲ್ಲಿ ರ‍್ಯಾಗ್‌ಟೈಮ್ ಎನ್ನುತ್ತಿದ್ದರು.

ತಾಳತಪ್ಪದವ: ರ‍್ಯಾಗ್‌ಟೈಮ್ ಬೇರೆ, ಜಾಜ್ ಬೇರೆ. ಮೊದಲು ಎರಡನ್ನೂ ಕಿವಿಗೊಟ್ಟು ಕೇಳಿ, ನಿಘಂಟು ಆಮೇಲೆ ತಿರುವಿ.

ಪದಶೋಧಕ: ಕಿವಿಯಿಂದ ವ್ಯುತ್ಪತ್ತಿ ಕಂಡುಹಿಡಿಯುವ ವಿದ್ಯೆ ನನಗೆ ಬಾರದು ಸ್ವಾಮಿ. 1917ರಲ್ಲಿ ಹೊರಬಂದ ಮೊದಲ ಜಾಜ್ ಗ್ರಾಮಫೋನ್ ತಟ್ಟೆಯ ಮೇಲೆ ‘ಜಾಸ್’ ಎಂದಿದೆ. ಆಗಿನ್ನೂ ಕಾಗುಣಿತವೇ ನೆಲೆ ನಿಂತಿರಲಿಲ್ಲ.

ಮೂರನೇಸಾಲು: ಕಾಗುಣಿತ ನಿಂತಿರಲಿಲ್ಲ, ಅಂದರೆ ಬಾಯಿಮಾತಿನಿಂದ ಬಂದದ್ದು! ನನ್ನ ಕೆಲಸ ನೀವೇ ಮಾಡಿಕೊಟ್ಟಿರಿ, ಉಪಕಾರವಾಯಿತು.

ಪದಶೋಧಕ: ಬಾಯಿಮಾತೆಲ್ಲ ಆಫ್ರಿಕಾದ್ದೇ? ಬೇಸ್‌ಬಾಲ್ ಆಡುವವರಿಗೆ ಬಾಯಿ ಇರಲಿಲ್ಲವೇ? ಇಂಥ ತರ್ಕಕ್ಕೆ ಉತ್ತರ ಬರೆಯುತ್ತ ಕುಳಿತಿದ್ದೇನಲ್ಲ, ನನಗೇ ನಾಚಿಕೆಯಾಗುತ್ತಿದೆ.

ಹಳೇತಟ್ಟೆ: ನಾನು ಕೇಳಿದ್ದು ಪಾಪ್ ಬಗ್ಗೆ.

ಕಹಿಗುಳಿಗೆ: ಬೀಥೋವನ್ ಬಗ್ಗೆ ನಾನು ಕೇಳಿದ್ದಕ್ಕೆ ಉತ್ತರ ಇನ್ನೂ ಬಂದಿಲ್ಲ.

ತಾಳತಪ್ಪದವ: ಆ ಎಸೆತಗಾರನಿಗೆ ಹೆಸರಿದೆಯೋ, ಅದೂ ಕಟ್ಟುಕಥೆಯೋ?

ಪದಶೋಧಕ: ಬೆನ್ ಹೆಂಡರ್ಸನ್. ಈಗ ಹೇಳಿ, ನಿಮ್ಮ ಆಫ್ರಿಕಾದ ಪದ ಯಾವ ಭಾಷೆಯದು?

ಮೂರನೇಸಾಲು: ಹೆಂಡರ್ಸನ್‌ಗೆ ಆ ಪದ ಯಾರು ಕಲಿಸಿದರು? ಮೊದಲು ಅದನ್ನು ಹೇಳಿ.